ಲೆಕ್ಕಪುಸ್ತಕದಲ್ಲಿ ಕಾಣದ ಗಂಟೆಗಳು: ಹೊಸ ಸಾಧನಗಳು, ಕಾರ್ಮಿಕರ ಗಳಿಕೆ ಮತ್ತು ಚಾಲಕರ ಸುರಕ್ಷತೆ

ಕೆಲವು ವರ್ಷಗಳ ಹಿಂದೆ, ನಾನು ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬ ಪಶು ಆಹಾರ ತಯಾರಕರ ಸರಕನ್ನು ಹೊತ್ತ ಲಾರಿಯೊಂದು ಅಪಘಾತಕ್ಕೀಡಾಯಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಹೆದ್ದಾರಿಯ ಅಂಚಿನಲ್ಲಿ ಕೆಟ್ಟು ನಿಂತಿದ್ದ ಇನ್ನೊಂದು ಲಾರಿಗೆ ಅದು ಹಿಂದಿನಿಂದ ಡಿಕ್ಕಿ ಹೊಡೆದಿತ್ತು. ಚಾಲಕರ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಸರಕಿನ ವಿಮಾ ಪರಿಹಾರಕ್ಕಾಗಿ ದಾಖಲೆಗಳನ್ನು ಜೋಡಿಸಿ ಕೊಡುವ ಕೆಲಸ ನನ್ನ ಕಚೇರಿಗೆ ಬಂದಿತು.

ಕಾಗದಗಳನ್ನು ಸಮಯದ ಕ್ರಮದಲ್ಲಿ ಇಡುತ್ತಾ ಹೋದೆ. ಗೇಟ್ ರಿಜಿಸ್ಟರ್‌ನಲ್ಲಿ ಲಾರಿ ಒಳಬಂದ ವೇಳೆ ಬೆಳಿಗ್ಗೆ 10.20. ಸರಕು ತುಂಬಿದ ನಂತರದ ತೂಕದ ಚೀಟಿಯಲ್ಲಿ ರಾತ್ರಿ 8.50. ಇ-ವೇ ಬಿಲ್ 9.15ಕ್ಕೆ. ಲಾರಿ ಹೊರಟದ್ದು 9.30ಕ್ಕೆ. ಬಂದದ್ದಕ್ಕೂ ಹೊರಟದ್ದಕ್ಕೂ ನಡುವೆ ಹನ್ನೊಂದು ಗಂಟೆಗೂ ಮೀರಿದ ಅಂತರ. ಇಷ್ಟು ವಿಳಂಬ ಏಕೆಂದು ವಿಚಾರಿಸಿದೆ. ಎರಡು ತಿಂಗಳ ಹಿಂದೆ ಮಾಲೀಕರು ಚೀಲ ಏರಿಸಲು ಕನ್ವೇಯರ್ ಯಂತ್ರ ತರಿಸಿದ್ದರು. ಕೆಲಸ ಹಗುರವಾಯಿತೆಂದು ಚೀಲವೊಂದರ ಹಮಾಲಿಯನ್ನು ಅರ್ಧಕ್ಕೆ ಇಳಿಸಿದ್ದರು. ಬೇಸರಗೊಂಡ ಹಮಾಲರ ತಂಡವು ಹಗಲು ಬೇರೆ ಗೋದಾಮುಗಳಲ್ಲಿ ದುಡಿದು, ಸಂಜೆಯ ನಂತರವಷ್ಟೇ ಇಲ್ಲಿಗೆ ಬರುತ್ತಿತ್ತು. ಯಂತ್ರ ಸುಮ್ಮನೆ ನಿಂತಿತ್ತು; ಲಾರಿಯೂ ನಿಂತಿತ್ತು.

ವಿಮಾ ಸರ್ವೇಯರರು ಈ ಹನ್ನೊಂದು ಗಂಟೆಗಳ ಬಗ್ಗೆ ಏನನ್ನೂ ಕೇಳಲಿಲ್ಲ. ಪೊಲೀಸ್ ವರದಿಯಲ್ಲಿ 'ಚಾಲಕನ ಅಜಾಗರೂಕತೆ' ಎಂದಿತ್ತು. ನಮ್ಮ ಖಾತೆಪುಸ್ತಕಗಳಲ್ಲಂತೂ ಆ ಗಂಟೆಗಳಿಗೆ ಯಾವ ಶೀರ್ಷಿಕೆಯೂ ಇರಲಿಲ್ಲ. ಹಮಾಲಿ ವೆಚ್ಚ ಕಡಿಮೆಯಾದದ್ದು ಮಾತ್ರ ಲಾಭ-ನಷ್ಟದ ತಖ್ತೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಲೆಕ್ಕಪರಿಶೋಧಕನಾದ ನನಗೂ ಅದುವರೆಗೆ ಬೇರೇನೂ ಕಂಡಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಹೊಸ ಸಾಧನ ಬಂದಾಗ ಅದರ ಬೆಲೆ, ಸಾಲದ ಕಂತು, ಸವಕಳಿ ಇವುಗಳನ್ನು ನಾವು ಎಚ್ಚರಿಕೆಯಿಂದ ಲೆಕ್ಕ ಹಾಕುತ್ತೇವೆ. ಆದರೆ ಕೂಲಿಯನ್ನು ಅಳೆಯುವ ಹಳೆಯ ಮಾನವನ್ನು ಹಾಗೆಯೇ ಬಿಡುತ್ತೇವೆ, ಇಲ್ಲವೇ ಒಂದೇ ಕಡೆಯಿಂದ ಕತ್ತರಿಸುತ್ತೇವೆ. ಇದರ ಪರಿಣಾಮವು ಮೊದಲು ಕಾರ್ಮಿಕರ ಗಳಿಕೆಯ ಮೇಲೆ, ಅಲ್ಲಿಂದ ಲಾರಿ ಕಾಯುವ ಸಮಯದ ಮೇಲೆ, ಕೊನೆಗೆ ಚಾಲಕರ ಸುರಕ್ಷತೆಯ ಮೇಲೆ ಹೇಗೆ ಬೀಳುತ್ತದೆಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕೂಲಿಯ ಮಾನ ಮತ್ತು ಸಾಧನ

ನಮ್ಮಲ್ಲಿ ಕೂಲಿಯನ್ನು ಸಾಮಾನ್ಯವಾಗಿ ಮೂರು ವಿಧವಾಗಿ ಎಣಿಸಲಾಗುತ್ತದೆ. ಮೊದಲನೆಯದು ಕಾಲದ ಲೆಕ್ಕ, ಅಂದರೆ ದಿನಗೂಲಿ ಅಥವಾ ತಿಂಗಳ ಸಂಬಳ. ಎರಡನೆಯದು ಎಣಿಕೆಯ ಲೆಕ್ಕ, ಅಂದರೆ ಚೀಲಕ್ಕಿಷ್ಟು, ಮೀಟರಿಗಿಷ್ಟು ಎಂಬ ತುಂಡುಗೂಲಿ. ಮೂರನೆಯದು ಟ್ರಿಪ್ ಲೆಕ್ಕ; ಲಾರಿ ಚಾಲಕರಲ್ಲಿ ಬಹುಪಾಲು ಜನರ ಗಳಿಕೆ ಇದನ್ನೇ ಅವಲಂಬಿಸಿದೆ. ಸಾಧನ ಬದಲಾದಾಗ ಅದರ ಲಾಭ ಯಾರಿಗೆ ಸೇರುತ್ತದೆ ಎಂಬುದು ಕೂಲಿಯನ್ನು ಯಾವ ಮಾನದಿಂದ ಅಳೆಯುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ.

ಒಂದು ಚಿಕ್ಕ ಉದಾಹರಣೆ ನೋಡೋಣ. 2018ರ ಮಾರ್ಚ್‌ನಿಂದ ಯೂರಿಯಾ ಗೊಬ್ಬರವು 50 ಕೆ.ಜಿ.ಯ ಬದಲು 45 ಕೆ.ಜಿ. ಚೀಲದಲ್ಲಿ ಬರತೊಡಗಿತು. ಹತ್ತು ಟನ್ ಗೊಬ್ಬರವನ್ನು ಇಳಿಸಲು ಮೊದಲು 200 ಬಾರಿ ಹೆಗಲು ಕೊಡಬೇಕಾಗಿದ್ದರೆ, ಈಗ 222 ಬಾರಿ ಕೊಡಬೇಕು. ಹಮಾಲಿಯು ಚೀಲದ ಲೆಕ್ಕದಲ್ಲಿದ್ದರೆ ಹಮಾಲರ ಗಳಿಕೆ ಶೇ. 11ರಷ್ಟು ಹೆಚ್ಚುತ್ತದೆ, ಜೊತೆಗೆ ಪ್ರತಿ ಹೊರೆಯೂ ಹಗುರವಾಗುತ್ತದೆ. ಟನ್ನಿನ ಲೆಕ್ಕದಲ್ಲಿದ್ದರೆ ಅದೇ ಹಣಕ್ಕೆ 22 ಬಾರಿ ಹೆಚ್ಚು ಓಡಾಡಬೇಕು. ಬದಲಾದದ್ದು ಚೀಲದ ಅಳತೆ ಮಾತ್ರ. ಆದರೂ ಎರಡು ಗೋದಾಮುಗಳಲ್ಲಿ ಎರಡು ಬಗೆಯ ಫಲಿತಾಂಶ.

ಈಗ ಕನ್ವೇಯರ್ ಯಂತ್ರದ ವಿಷಯ. ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಒಂದು ಗೋದಾಮಿನಲ್ಲಿ ದಿನಕ್ಕೆ ಎರಡು ಲಾರಿ, ಲಾರಿಗೆ 400 ಚೀಲ, ಚೀಲಕ್ಕೆ 10 ರೂಪಾಯಿ ಹಮಾಲಿ, ಹತ್ತು ಜನರ ತಂಡ. ದಿನದ ಒಟ್ಟು ಹಮಾಲಿ 8,000 ರೂಪಾಯಿ; ತಲಾ 800. ಯಂತ್ರ ಬಂದ ಮೇಲೆ ಐದು ಜನರು ಅರ್ಧ ಸಮಯದಲ್ಲಿ ಅದೇ ಕೆಲಸ ಮುಗಿಸುತ್ತಾರೆ. ಮಾಲೀಕರು ದರವನ್ನು 5 ರೂಪಾಯಿಗೆ ಇಳಿಸುತ್ತಾರೆ. ಉಳಿದ ಐದು ಜನರಿಗೆ ತಲಾ 800 ರೂಪಾಯಿಯೇ ಸಿಗುವುದರಿಂದ ಯಾರಿಗೂ ಅನ್ಯಾಯವಾಗಿಲ್ಲವೆಂದು ತೋರುತ್ತದೆ. ಆದರೆ ತಂಡದ ಒಟ್ಟು ಗಳಿಕೆ 8,000ದಿಂದ 4,000ಕ್ಕೆ ಇಳಿದಿದೆ. ಐದು ಮನೆಗಳಿಗೆ ಆ ದಿನದ ಸಂಪಾದನೆ ಇಲ್ಲ. ಹಮಾಲರು ತಮ್ಮಲ್ಲೇ ಐವರನ್ನು ಹೊರಹಾಕಲು ಒಪ್ಪದೆ ಹತ್ತೂ ಜನ ಹಂಚಿಕೊಂಡರೆ ತಲಾ 400 ಮಾತ್ರ. ಅವರು ಬೇರೆ ಗೋದಾಮು ಹುಡುಕಿಕೊಂಡು ಹೋದರೆ ಆಶ್ಚರ್ಯಪಡಬೇಕಾಗಿಲ್ಲ.

ಇದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿಯೂ ಜೋಡಿಸಬಹುದು. ದರವನ್ನು 6 ರೂಪಾಯಿ 50 ಪೈಸೆಗೆ ನಿಗದಿ ಮಾಡಿದರೆ ದಿನದ ಹಮಾಲಿ 5,200 ರೂಪಾಯಿ. ಯಂತ್ರದ ಮೇಲಿರುವ ಐದು ಜನರಿಗೆ 4,000 ಕೊಟ್ಟು, ಉಳಿದ 1,200 ರೂಪಾಯಿಯನ್ನು ಬಿಟ್ಟುಹೋಗುವವರ ಪರಿಹಾರ ನಿಧಿಗೆ ಇಡಬಹುದು, ಅಥವಾ ಚೀಲ ಹೊಲಿಯುವ, ದಾಸ್ತಾನು ಜೋಡಿಸುವ ಕೆಲಸಗಳಲ್ಲಿ ಅವರನ್ನು ಹಂತಹಂತವಾಗಿ ತೊಡಗಿಸಲು ಬಳಸಬಹುದು. ಮಾಲೀಕರಿಗೆ ಆಗಲೂ ದಿನಕ್ಕೆ 2,800 ರೂಪಾಯಿ ಉಳಿಯುತ್ತದೆ. ಯಂತ್ರದ ಕಂತು ಇದರಿಂದಲೇ ತೀರಬೇಕು. ಯಂತ್ರ ನಿಲ್ಲದೆ ಓಡಿದರೆ ಮಾತ್ರ ಅದು ತೀರೀತು ಎಂಬುದನ್ನು ಮರೆಯಬಾರದು.

ಬಂದರುಗಳ ಪಾಠ

ಇದು ಹೊಸ ಸಮಸ್ಯೆಯೂ ಅಲ್ಲ, ನಮ್ಮ ಊರಿಗೆ ಮಾತ್ರ ಸೇರಿದ್ದೂ ಅಲ್ಲ. 1956ರ ಏಪ್ರಿಲ್‌ನಲ್ಲಿ 'ಐಡಿಯಲ್ ಎಕ್ಸ್' ಎಂಬ ಹಡಗು 58 ಕಂಟೇನರುಗಳನ್ನು ಹೊತ್ತು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಇದನ್ನು ಏರ್ಪಡಿಸಿದವರು ಲಾರಿ ಸಾರಿಗೆ ಉದ್ಯಮಿ ಮಾಲ್ಕಮ್ ಮೆಕ್ಲೀನ್. ಬಿಡಿ ಸರಕನ್ನು ಕೈಯಿಂದ ತುಂಬಲು ಟನ್ನಿಗೆ ಸುಮಾರು 5.8 ಡಾಲರ್ ತಗಲುತ್ತಿದ್ದರೆ, ಕಂಟೇನರಿನಲ್ಲಿ ಅದು ಸುಮಾರು 16 ಸೆಂಟ್‌ಗೆ ಇಳಿಯಿತು. ಹಡಗುಕಟ್ಟೆಯ ಕಾರ್ಮಿಕರ ಕೆಲಸ ಕರಗಿಹೋಗುವುದು ಆಗಲೇ ನಿಚ್ಚಳವಾಗಿತ್ತು.

ಅಮೆರಿಕದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ 1960ರಲ್ಲಿ ಮಾಲೀಕರ ಸಂಘವೂ ಕಾರ್ಮಿಕ ಸಂಘವೂ ಕುಳಿತು ಒಂದು ಒಪ್ಪಂದ ಮಾಡಿಕೊಂಡವು. ಯಂತ್ರಗಳನ್ನು ತರಲು ಕಾರ್ಮಿಕರು ಅಡ್ಡಿಪಡಿಸುವುದಿಲ್ಲ. ಅದಕ್ಕೆ ಪ್ರತಿಯಾಗಿ ಮಾಲೀಕರು ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ನಿಧಿಗೆ ಕೊಡುತ್ತಾರೆ. ಅವಧಿಗೆ ಮುನ್ನ ನಿವೃತ್ತರಾಗುವವರಿಗೆ ನೆರವು, ಉಳಿದವರಿಗೆ ಕನಿಷ್ಠ ಗಳಿಕೆಯ ಭರವಸೆ ಅದರಿಂದ ದೊರೆಯಿತು. ಯಂತ್ರದ ಉಳಿತಾಯದಲ್ಲಿ ಒಂದು ಪಾಲನ್ನು ಮೊದಲೇ ಬರವಣಿಗೆಯಲ್ಲಿ ಕೊಟ್ಟದ್ದರಿಂದ ಯಂತ್ರಗಳು ತಡೆಯಿಲ್ಲದೆ ಕೆಲಸಕ್ಕೆ ಇಳಿದವು. ಅದು ದಾನವಾಗಿರಲಿಲ್ಲ, ವ್ಯವಹಾರವಾಗಿತ್ತು.

ರಸ್ತೆಯ ಮೇಲಿನ ಹೊಸ ಸಾಧನಗಳು

ಇನ್ನು ಚಾಲಕರ ವಿಷಯಕ್ಕೆ ಬರೋಣ. ಕಳೆದ ಕೆಲವು ವರ್ಷಗಳಲ್ಲಿ ಲಾರಿ ಸಾಗಣೆಯಲ್ಲಿ ಆದಷ್ಟು ಬದಲಾವಣೆ ಹಿಂದಿನ ದಶಕಗಳಲ್ಲಿ ಆಗಿರಲಿಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದ ಬಳಿಕ ಹೆಚ್ಚಿನ ರಾಜ್ಯಗಳು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳನ್ನು ಮುಚ್ಚಿದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಬಂದಿತು. ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2018ರ ಜುಲೈನಲ್ಲಿ ಲಾರಿಗಳ ಅನುಮತಿತ ತೂಕ ಹೆಚ್ಚಿತು: ಮೂರು ಆಕ್ಸಲ್‌ನ ಲಾರಿಗೆ ಒಟ್ಟು 25 ಟನ್ ಇದ್ದದ್ದು 28.5 ಟನ್ ಆಯಿತು. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಸುಂಕಕಟ್ಟೆಗಳ ಎಲ್ಲ ಸಾಲುಗಳಲ್ಲೂ ಫಾಸ್ಟ್ಯಾಗ್ ಕಡ್ಡಾಯವಾಯಿತು. ಲಾರಿ ಎಲ್ಲಿದೆಯೆಂದು ಜಿ.ಪಿ.ಎಸ್. ಮೂಲಕ ಮಾಲೀಕರು ಕುಳಿತಲ್ಲೇ ನೋಡಬಹುದಾಗಿದೆ.

ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಚಾಲಕರ ಗಳಿಕೆಯ ಮೇಲೆ ಇವುಗಳ ಪರಿಣಾಮವೇನು? ನಾನು ನೋಡುವ ಸಾರಿಗೆ ಮಾಲೀಕರ ಪುಸ್ತಕಗಳಲ್ಲಿ ಹಿಂದೆ 'ಟ್ರಿಪ್ ಖರ್ಚು' ಎಂಬ ಒಂದು ಸಾಲು ಇರುತ್ತಿತ್ತು. ಡೀಸೆಲ್, ಸುಂಕ, ದಾರಿಖರ್ಚು, ಊಟ ಎಲ್ಲ ಸೇರಿಸಿ ಒಂದು ಇಡಿಗಂಟನ್ನು ಚಾಲಕರ ಕೈಗೆ ಕೊಡುತ್ತಿದ್ದರು. ಹುಷಾರಾಗಿ ಓಡಿಸಿ ಅದರಲ್ಲಿ ಮಿಗಿಸಿದ್ದು ಚಾಲಕರದು. ಮಾಲೀಕರಿಗೂ ಅದು ಗೊತ್ತಿತ್ತು. ಬಾಟಾ ನಿಗದಿ ಮಾಡುವಾಗ ಆ ಮಿಗತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಡಿಮೆ ಮಾಡುತ್ತಿದ್ದರು. ಈಗ ಸುಂಕವು ಫಾಸ್ಟ್ಯಾಗ್ ಖಾತೆಯಿಂದ ಕಡಿತವಾಗುತ್ತದೆ, ಡೀಸೆಲ್ ಕಾರ್ಡಿನ ಮೂಲಕ ಹೋಗುತ್ತದೆ, ಓಡಿದ ಕಿಲೋಮೀಟರು ಜಿ.ಪಿ.ಎಸ್.ನಲ್ಲಿ ದಾಖಲಾಗುತ್ತದೆ. ಲೆಕ್ಕ ಶುದ್ಧವಾಯಿತು. ಆದರೆ ಸಂಬಳದ ಮಾರುವೇಷದಲ್ಲಿದ್ದ ಆ ಮಿಗತೆ ಮಾಯವಾಯಿತು. ಬಾಟಾವನ್ನು ಅದಕ್ಕೆ ತಕ್ಕಂತೆ ಏರಿಸದಿದ್ದರೆ ಅದು ಸಂಬಳ ಕಡಿತವೇ. ಲಾರಿಯ ಹೊರೆ ಹೆಚ್ಚಿದಾಗ ಬಾಡಿಗೆಯು ಟನ್ನಿನ ಲೆಕ್ಕದಲ್ಲಿ ಏರುತ್ತದೆ. ಚಾಲಕರ ಬಾಟಾ ಮಾತ್ರ ಟ್ರಿಪ್ ಲೆಕ್ಕದಲ್ಲಿ ಇದ್ದಲ್ಲೇ ಇರುತ್ತದೆ. ಖರ್ಚು ಉಳಿಸಲು ಕ್ಲೀನರ್ ಇಲ್ಲದೆ ಓಡುವ ಲಾರಿಗಳೂ ಹೆಚ್ಚಾಗಿವೆ. ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಿದೆ.

ಹೀಗೆ ಗಳಿಕೆ ಕುಗ್ಗಿದ ಚಾಲಕರಿಗೆ ಉಳಿಯುವ ದಾರಿ ಒಂದೇ: ತಿಂಗಳಿಗೆ ಹೆಚ್ಚು ಟ್ರಿಪ್ ಹೊಡೆಯುವುದು. ಅದಕ್ಕೆ ಸಮಯ ಬೇಕು. ರಸ್ತೆಯಲ್ಲಿ ಫಾಸ್ಟ್ಯಾಗ್ ಉಳಿಸಿಕೊಟ್ಟ ನಿಮಿಷಗಳನ್ನು ನಮ್ಮ ಗೋದಾಮಿನ ಬಾಗಿಲು ಗಂಟೆಗಳ ಲೆಕ್ಕದಲ್ಲಿ ನುಂಗುತ್ತಿದೆ.

ಬಾಡಿಗೆ ಏಕೆ ಇಳಿಯಲಿಲ್ಲ?

"ಚೆಕ್‌ಪೋಸ್ಟ್ ಹೋಯಿತು, ಸುಂಕಕಟ್ಟೆಯ ಸಾಲು ಹೋಯಿತು, ಆದರೂ ಲಾರಿ ಬಾಡಿಗೆ ಏಕೆ ಇಳಿಯಲಿಲ್ಲ?" ಎಂದು ಅನೇಕ ಸದಸ್ಯರು ನನ್ನನ್ನು ಕೇಳಿದ್ದಾರೆ. ಡೀಸೆಲ್ ಬೆಲೆ ಒಂದು ಕಾರಣವಾದರೆ, ಇನ್ನೊಂದು ಕಾರಣ ನಮ್ಮಲ್ಲೇ ಇದೆ.

ಮತ್ತೆ ಊಹೆಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ಒಂದು ಲಾರಿಯ ಸಾಲದ ಕಂತು, ವಿಮೆ, ತೆರಿಗೆ, ಪರ್ಮಿಟ್ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 1,20,000 ರೂಪಾಯಿ. ಒಂದು ಟ್ರಿಪ್‌ಗೆ ಹೋಗಿಬರಲು ಮೂರು ದಿನ ಹಿಡಿದರೆ ತಿಂಗಳಿಗೆ 10 ಟ್ರಿಪ್. ಪ್ರತಿ ಟ್ರಿಪ್‌ನ ಮೇಲೆ 12,000 ರೂಪಾಯಿ ಸ್ಥಿರ ವೆಚ್ಚ ಬೀಳುತ್ತದೆ. ತುಂಬುವ ಮತ್ತು ಇಳಿಸುವ ಕಡೆಗಳಲ್ಲಿ ಒಟ್ಟು ಅರ್ಧ ದಿನ ಉಳಿಸಿದರೆ ಎರಡೂವರೆ ದಿನಕ್ಕೊಂದರಂತೆ 12 ಟ್ರಿಪ್. ಆಗ ಪ್ರತಿ ಟ್ರಿಪ್‌ನ ಪಾಲು 10,000 ರೂಪಾಯಿ. ಚಾಲಕರಿಗೆ ಟ್ರಿಪ್‌ಗೆ 2,000 ಎಂದಿಟ್ಟುಕೊಂಡರೆ ಅವರ ತಿಂಗಳ ಗಳಿಕೆ 20,000ದಿಂದ 24,000ಕ್ಕೆ ಏರುತ್ತದೆ.

ಅಂದರೆ ಕಾಯುವಿಕೆ ಪುಕ್ಕಟೆಯಲ್ಲ. ನಾವು ಅದಕ್ಕೆ ಬಾಡಿಗೆಯ ರೂಪದಲ್ಲಿ ಈಗಾಗಲೇ ಹಣ ತೆರುತ್ತಿದ್ದೇವೆ. ಕಾದವರಿಗೆ ಮಾತ್ರ ಅದರಲ್ಲಿ ಕಾಸೂ ಸಿಗುವುದಿಲ್ಲ. "ಚಾಲಕ ನನ್ನ ನೌಕರನಲ್ಲ, ಸಾರಿಗೆಯವರ ನೌಕರ, ನನಗೇಕೆ ಆ ಚಿಂತೆ?" ಎನ್ನುವವರಿಗೂ ಇದೇ ಉತ್ತರ.

ಕಾಯುವಿಕೆಗೂ ಅಪಘಾತಕ್ಕೂ ಇರುವ ನಂಟು

ಈ ನಂಟನ್ನು ಅಂಕಿಗಳಲ್ಲಿ ತೋರಿಸಿದ ಒಂದು ಅಧಿಕೃತ ವರದಿಯಿದೆ. ಅಮೆರಿಕದ ಸಾರಿಗೆ ಇಲಾಖೆಯ ಮಹಾ ಪರಿಶೀಲಕರ ಕಚೇರಿಯು 2018ರ ಜನವರಿಯಲ್ಲಿ ಅದನ್ನು ಪ್ರಕಟಿಸಿತು. ಸರಕು ತುಂಬುವ ಹಾಗೂ ಇಳಿಸುವ ಸ್ಥಳದಲ್ಲಿ ಲಾರಿ ನಿಲ್ಲುವ ಸರಾಸರಿ ಸಮಯವು 15 ನಿಮಿಷ ಹೆಚ್ಚಾದರೆ, ಅಪಘಾತದ ನಿರೀಕ್ಷಿತ ಪ್ರಮಾಣ ಶೇ. 6.2ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ಪೂರ್ಣ ಲಾರಿ ಹೊರೆ ಸಾಗಿಸುವ ಅಲ್ಲಿನ ಬಾಡಿಗೆ ಲಾರಿಗಳ ಚಾಲಕರು ಈ ಕಾಯುವಿಕೆಯಿಂದ ವರ್ಷಕ್ಕೆ ಒಟ್ಟು 100 ಕೋಟಿ ಡಾಲರಿಗೂ ಹೆಚ್ಚು ಗಳಿಕೆ ಕಳೆದುಕೊಳ್ಳುತ್ತಾರೆಂದೂ ಅದು ಹೇಳಿತು. ನಮ್ಮ ರಸ್ತೆಗಳಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಆದರೆ ದಿಕ್ಕು ಬೇರೆಯಾಗಿರಲು ಕಾರಣವಿಲ್ಲ.

ಕಾರಣ ಸರಳವಾಗಿದೆ. 400 ಕಿ.ಮೀ. ದಾರಿಯನ್ನು (ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಇಷ್ಟೇ ದೂರ) ಗಂಟೆಗೆ 60 ಕಿ.ಮೀ.ನಂತೆ ಕ್ರಮಿಸಲು 6 ಗಂಟೆ 40 ನಿಮಿಷ ಬೇಕು. 80 ಕಿ.ಮೀ.ನಂತೆ ಹೋದರೆ 5 ಗಂಟೆ ಸಾಕು. ಉಳಿಯುವುದು 100 ನಿಮಿಷ. ಅಂದರೆ ನಮ್ಮ ಬಾಗಿಲಲ್ಲಿ ಕಳೆದ 100 ನಿಮಿಷಗಳನ್ನು ತುಂಬಿಕೊಳ್ಳಲು ಚಾಲಕರು ದಾರಿಯುದ್ದಕ್ಕೂ ವೇಗವನ್ನು ಮೂರನೆಯ ಒಂದು ಪಾಲು ಹೆಚ್ಚಿಸಬೇಕು. ಓಡುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 60ರಿಂದ 80ಕ್ಕೆ ಹೋದಾಗ ಬ್ರೇಕು ತಡೆಯಬೇಕಾದ ಶಕ್ತಿಯು ಶೇ. 78ರಷ್ಟು ಹೆಚ್ಚುತ್ತದೆ. ಲಾರಿಯ ತೂಕವೂ ಮೊದಲಿಗಿಂತ ಹೆಚ್ಚಿದೆಯೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ.

ವೇಗ ನಿಯಂತ್ರಕ ಅಳವಡಿಸಿದ ಲಾರಿ 80ಕ್ಕಿಂತ ಮುಂದೆ ಹೋಗದು. ಕಾದದ್ದು 100 ನಿಮಿಷವಲ್ಲ, ಹನ್ನೊಂದು ಗಂಟೆಯಾದರೆ ಯಾವ ವೇಗದಿಂದಲೂ ಅದನ್ನು ತುಂಬಲಾಗದು. ಆಗ ಉಳಿಯುವುದು ನಿದ್ದೆಯಿಂದ ಕತ್ತರಿಸುವುದೊಂದೇ. ಸತತವಾಗಿ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಅನುಮತಿಸುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ. 0.03. ಒಂದು ಹನಿ ಮದ್ಯ ಮುಟ್ಟದ ಚಾಲಕರೂ ನಿದ್ದೆಗೆಟ್ಟಾಗ ಆ ಮಿತಿಯಾಚೆಗಿನವರಂತೆಯೇ ಓಡಿಸುತ್ತಿರುತ್ತಾರೆ. ನಾನು ಮೊದಲು ಹೇಳಿದ ಚಾಲಕರು ಬೆಳಿಗ್ಗೆ ಆರಕ್ಕೆ ಎದ್ದಿದ್ದರೆಂದು ಭಾವಿಸಿದರೂ, ಅಪಘಾತದ ಹೊತ್ತಿಗೆ 22 ಗಂಟೆ ಕಳೆದಿತ್ತು. "ನಡುವೆ ಕ್ಯಾಬಿನ್‌ನಲ್ಲಿ ಮಲಗಬಹುದಿತ್ತಲ್ಲ" ಎನ್ನಬಹುದು. ಯಾವ ಕ್ಷಣದಲ್ಲಿ ಕೂಗು ಬರುತ್ತದೋ, ಸಾಲಿನಲ್ಲಿ ಲಾರಿಯನ್ನು ಯಾವಾಗ ಮುಂದಕ್ಕೆ ತರಬೇಕೋ ಎಂಬ ಕಾಯುವಿಕೆ ವಿಶ್ರಾಂತಿಯಾಗದು.

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಪ್ರತಿಯೊಂದಕ್ಕೂ ಗೋದಾಮಿನ ಬಾಗಿಲು ಕಾರಣವೆಂದು ಯಾರೂ ಹೇಳಲಾರರು. ಆದರೆ ಅದು ಕಾರಣವಾಗಿರುವ ಕಡೆ, ಅದನ್ನು ಸರಿಪಡಿಸುವ ಶಕ್ತಿ ನಮ್ಮ ಕೈಯಲ್ಲೇ ಇದೆ.

ಕಣ್ಗಾವಲು ಮಾತ್ರ ಸಾಲದು

"ಜಿ.ಪಿ.ಎಸ್. ಹಾಕಿ ಚಾಲಕರ ಮೇಲೆ ಕಣ್ಣಿಟ್ಟರೆ ಆಯಿತು" ಎಂಬ ಅಭಿಪ್ರಾಯವೂ ಇದೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಿಂದ ಚಾಲನೆಯ ಗಂಟೆಗಳನ್ನು ತಾನಾಗಿ ದಾಖಲಿಸುವ ಯಂತ್ರವನ್ನು ಲಾರಿಗಳಲ್ಲಿ ಕಡ್ಡಾಯಗೊಳಿಸಲಾಯಿತು. ಅಲ್ಲಿನ ನಿಯಮದಂತೆ ಕೆಲಸ ಆರಂಭಿಸಿದ 14 ಗಂಟೆಗಳ ಒಳಗೆ, ಗರಿಷ್ಠ 11 ಗಂಟೆ ಮಾತ್ರ ಓಡಿಸಬಹುದು. ಕಾಯುವ ಸಮಯವೂ ಸಾಮಾನ್ಯವಾಗಿ ಆ 14 ಗಂಟೆಗಳಲ್ಲೇ ಕರಗುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಯಂತ್ರ ಬಂದ ಮೇಲೆ ಗಂಟೆಗಳ ನಿಯಮದ ಉಲ್ಲಂಘನೆ ಕಡಿಮೆಯಾಯಿತು; ಅಪಘಾತಗಳು ಮಾತ್ರ ಕಡಿಮೆಯಾಗಲಿಲ್ಲ. ಸಣ್ಣ ಸಾರಿಗೆ ಸಂಸ್ಥೆಗಳ ಚಾಲಕರಲ್ಲಿ ಅತಿವೇಗದಂತಹ ಅಪಾಯಕರ ಚಾಲನೆಯ ಪ್ರಕರಣಗಳು ಹೆಚ್ಚಿದವು. ಗಡಿಯಾರ ಬಿಗಿಯಾಯಿತು, ಗಳಿಕೆಯ ಮಾನ ಹಳೆಯದೇ ಉಳಿಯಿತು. ಕಳೆದ ಸಮಯವನ್ನು ಚಾಲಕರು ವೇಗದಿಂದ ತುಂಬಿಕೊಂಡರು.

ನಮ್ಮಲ್ಲಿಯೂ ಕಾನೂನು ಇಲ್ಲದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. ಆದರೆ ಅದು ಐದು ಅಥವಾ ಹೆಚ್ಚು ಸಾರಿಗೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದುದರಿಂದ, ಒಂದೆರಡು ಲಾರಿಗಳ ಮಾಲೀಕರು ಅದರ ಹೊರಗೇ ಉಳಿದರು. ಆ ಕಾಯ್ದೆಯು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ವಿಲೀನವಾಗಿದೆ. ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೊಸ ಲಾರಿಗಳಲ್ಲಿ ಚಾಲಕರ ಕ್ಯಾಬಿನ್‌ಗೆ ಹವಾನಿಯಂತ್ರಣವನ್ನೂ 2025ರಲ್ಲಿ ಕಡ್ಡಾಯ ಮಾಡಲಾಗಿದೆ. ಇದು ಸ್ವಾಗತಾರ್ಹ. ಆದರೆ ತಂಪಾದ ಕ್ಯಾಬಿನ್ ಆಯಾಸವನ್ನು ತಗ್ಗಿಸಬಲ್ಲದೇ ಹೊರತು ಕಳೆದುಹೋದ ನಿದ್ದೆಯನ್ನು ಮರಳಿ ಕೊಡಲಾರದು.

ಸದಸ್ಯರು ಮಾಡಬಹುದಾದದ್ದು

ಈ ಕೆಳಗಿನ ಸಲಹೆಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ.

1. ಗೇಟ್ ರಿಜಿಸ್ಟರ್‌ನಲ್ಲಿ ಲಾರಿ ಬಂದ ವೇಳೆ, ತುಂಬಲು ತೊಡಗಿದ ವೇಳೆ, ಮುಗಿದ ವೇಳೆ, ಹೊರಟ ವೇಳೆ ಎಂಬ ನಾಲ್ಕು ಕಲಮುಗಳಿರಲಿ. ತಿಂಗಳ ಕೊನೆಯಲ್ಲಿ ಸರಾಸರಿ ಕಾಯುವ ಸಮಯವನ್ನು ಗುಮಾಸ್ತರಿಂದ ತೆಗೆಸಿ ನೋಡಿ. ಅಳೆಯದಿರುವುದನ್ನು ಸರಿಪಡಿಸಲಾಗದು.

2. ಲಾರಿಯನ್ನು ಸರಕು ಸಿದ್ಧವಾದ ಮೇಲೆ ಕರೆಸಿ. ಎಲ್ಲ ಲಾರಿಗಳನ್ನೂ ಬೆಳಿಗ್ಗೆಯೇ ಕರೆಸಿ ಸಾಲಿನಲ್ಲಿ ನಿಲ್ಲಿಸುವ ಬದಲು, ಪ್ರತಿಯೊಂದಕ್ಕೂ ಗೊತ್ತಾದ ವೇಳೆ ಕೊಡಿ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ.

3. ಇ-ವೇ ಬಿಲ್‌ನ ಎರಡನೆಯ ಭಾಗದಲ್ಲಿ ವಾಹನ ಸಂಖ್ಯೆಯನ್ನು ನಮೂದಿಸಿದಾಗಿನಿಂದ ಅದರ ಅವಧಿ ಎಣಿಕೆಯಾಗುತ್ತದೆ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ. ಆದ್ದರಿಂದ ಲಾರಿ ತುಂಬಿ ಹೊರಡುವ ಹೊತ್ತಿಗೆ ಮಾತ್ರ ವಾಹನ ಸಂಖ್ಯೆ ನಮೂದಿಸಿ. ದಾರಿಯಲ್ಲಿ ತಡವಾದರೆ ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬಹುದು. ಇದನ್ನು ಸಾರಿಗೆಯವರಿಗೂ ಚಾಲಕರಿಗೂ ತಿಳಿಸಿ ಹೇಳಿ. ದಂಡದ ಭಯದಿಂದ ಯಾರೂ ರಾತ್ರಿಯಿಡೀ ಓಡಿಸುವಂತಾಗಬಾರದು.

4. ಸಾರಿಗೆಯವರೊಂದಿಗಿನ ಒಪ್ಪಂದದಲ್ಲಿ ಕಾಯುವಿಕೆಯ ಷರತ್ತು ಸೇರಿಸಿ. ಮೊದಲ ಎರಡು ಗಂಟೆ ಉಚಿತ, ಅನಂತರ ಗಂಟೆಗೆ ಇಷ್ಟು, ಅದರಲ್ಲಿ ಚಾಲಕರ ಪಾಲು ಇಷ್ಟು ಎಂದು ಬರೆದಿರಲಿ. ಉದಾಹರಣೆಗೆ ತಿಂಗಳಿಗೆ ಹತ್ತು ಲಾರಿ, ಎರಡು ಗಂಟೆಯ ಮೇಲೆ ತಲಾ ಎರಡು ಗಂಟೆ, ಗಂಟೆಗೆ 150 ರೂಪಾಯಿ ಎಂದರೂ 3,000 ರೂಪಾಯಿ. ಇದಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ. ವೆಚ್ಚವೊಂದು ಖಾತೆಯಲ್ಲಿ ಕಾಣಿಸಿಕೊಂಡಾಗಲೇ ಅದನ್ನು ಇಳಿಸುವ ಪ್ರಯತ್ನ ಮೊದಲಾಗುತ್ತದೆ.

5. ಸ್ವಂತ ಲಾರಿ ಇರುವವರು ಚಾಲಕರ ಗಳಿಕೆಯನ್ನು ಎರಡು ಭಾಗ ಮಾಡಿ: ನಿಶ್ಚಿತ ಸಂಬಳ ದೊಡ್ಡದಿರಲಿ, ಟ್ರಿಪ್ ಬಾಟಾ ಚಿಕ್ಕದಿರಲಿ. ಫಾಸ್ಟ್ಯಾಗ್ ಮತ್ತು ಡೀಸೆಲ್ ಕಾರ್ಡಿನಿಂದ ಉಳಿದದ್ದರಲ್ಲಿ ಒಂದು ಪಾಲನ್ನು ಸಂಬಳಕ್ಕೆ ಸೇರಿಸಿ. 'ಬೆಳಗಾಗುವುದರೊಳಗೆ ತಲುಪಿದರೆ ಇನಾಮು' ಎಂಬ ಪದ್ಧತಿಯನ್ನು ಕೈಬಿಡಿ.

6. ಹೊಸ ಯಂತ್ರ ತರುವ ಮುನ್ನವೇ ಹಮಾಲರ ಮುಖ್ಯಸ್ಥರನ್ನು ಕರೆದು ಮಾತನಾಡಿ. ಹೊಸ ದರ, ಉಳಿಯುವವರ ಸಂಖ್ಯೆ, ಹೋಗುವವರಿಗೆ ಪರಿಹಾರ, ಮತ್ತೆ ದರ ಪರಿಷ್ಕರಿಸುವ ದಿನಾಂಕ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

7. ಕಾಯುವ ಚಾಲಕರಿಗೆ ನೆರಳು, ಕುಡಿಯುವ ನೀರು, ಶೌಚಾಲಯ ಒದಗಿಸಿ. ತುಂಬುವ ಕೆಲಸ ತಡರಾತ್ರಿ ಮುಗಿದರೆ ಆವರಣದಲ್ಲೇ ಮಲಗಿ ಬೆಳಿಗ್ಗೆ ಹೊರಡಲು ಅವಕಾಶ ಕೊಡಿ. ಆ ಒಂದು ರಾತ್ರಿಯ ವಿಳಂಬವನ್ನು ಖರೀದಿದಾರರಿಗೆ ತಿಳಿಸುವ ಜವಾಬ್ದಾರಿಯನ್ನು ನೀವೇ ವಹಿಸಿಕೊಳ್ಳಿ.

ಮೊದಲು ಹೇಳಿದ ಕಾರ್ಖಾನೆಯಲ್ಲಿ ಮಾಲೀಕರು ಆ ಘಟನೆಯ ಬಳಿಕ ಹಮಾಲಿ ದರವನ್ನು ಹಮಾಲರೊಂದಿಗೆ ಕುಳಿತು ಮರುನಿಗದಿ ಮಾಡಿದರು. ಕನ್ವೇಯರ್ ಈಗ ಬೆಳಿಗ್ಗೆಯೇ ತಿರುಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಲಾರಿ ಹೊರಡುತ್ತದೆ. ಹಮಾಲಿ ವೆಚ್ಚ ಅವರು ಮೊದಲು ಎಣಿಸಿದಷ್ಟು ಕಡಿಮೆಯಾಗಿಲ್ಲ. ಯಂತ್ರದ ಸಾಲದ ಕಂತು ಮಾತ್ರ ತಪ್ಪದೆ ತೀರುತ್ತಿದೆ. ಕಾಲು ಕಳೆದುಕೊಂಡ ಚಾಲಕರಿಗೆ ಇವುಗಳಿಂದ ಏನೂ ಆಗಲಿಲ್ಲ. ಅವರು ಈಗ ತಮ್ಮ ಊರಿನಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾರೆಂದು ಕೇಳಿದ್ದೇನೆ.

ಕಾಯುವಿಕೆಯ ಷರತ್ತು ಹಾಗೂ ಹಮಾಲಿ ದರ ಒಪ್ಪಂದ ಇವೆರಡಕ್ಕೂ ಒಂದೊಂದು ಮಾದರಿ ನಮೂನೆಯನ್ನು ನಮ್ಮ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಉಪಯುಕ್ತವಾದೀತು. ಸಾರಿಗೆ ಮಾಲೀಕರ ಸಂಘವನ್ನೂ ಹಮಾಲರ ಪ್ರತಿನಿಧಿಗಳನ್ನೂ ಒಂದು ಸಭೆಗೆ ಆಹ್ವಾನಿಸುವುದು ಒಳಿತು. ಅಲ್ಲಿಯವರೆಗೆ, ಈ ಸಂಚಿಕೆ ಕೈಸೇರಿದ ದಿನವೇ ತಮ್ಮ ಗೇಟ್ ರಿಜಿಸ್ಟರ್ ತರಿಸಿ, ಕಳೆದ ತಿಂಗಳ ಲಾರಿಗಳು ಎಷ್ಟೆಷ್ಟು ಹೊತ್ತು ನಿಂತಿದ್ದವೆಂದು ಒಮ್ಮೆ ನೋಡಬೇಕಾಗಿ ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇನೆ.